ಚುಚ್ಚದೇ ಶುಗರ್ ಹೇಳೋ ವಾಚ್ ನಂಬಬಹುದಾ?

ಗಾಣಗಾಪುರದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ದಾರೆ: "ಅವ್ವಗ ಶುಗರ್ ಅದರಿ. ದಿನಾ ಬೆರಳು ಚುಚ್ಚಿ ಬ್ಯಾಸರಾಗ್ಯಾಳ. ಬೆಳಕಿನಿಂದ್ಲೇ ಶುಗರ್ ಹೇಳೋ ವಾಚ್ ಆನ್‌ಲೈನ್‌ನಾಗ ಬಂದಾವ. ತರಿಸ್ಲೇನ್ರಿ?"

ಬ್ಯಾಡ್ರಿ. ಯಾಕಂತ ತಿಳಿಯೋಕೆ ನಮ್ಮ ಕಡೆಯ ಸಕ್ಕರೆ ಕಾರ್ಖಾನೆಗೇ ಹೋಗೋಣ. ಅಫಜಲಪುರದ ಹಾವಳಗಾ, ಆಳಂದದ ಭೂಸನೂರ ನಿಮಗೆ ಗೊತ್ತೇ ಇದೆ.

ಬೆಳಕಿನ ಅಲೆ ಸಾಮಾನ್ಯವಾಗಿ ಎಲ್ಲ ದಿಕ್ಕಿಗೂ ಕಂಪಿಸ್ತದೆ. ಪೋಲರೈಸರ್ ಅನ್ನೋ ಫಿಲ್ಟರ್ ದಾಟಿದರೆ ಒಂದೇ ದಿಕ್ಕಿನ ಕಂಪನ ಉಳೀತದೆ. ಪೋಲರಾಯ್ಡ್ ಕೂಲಿಂಗ್ ಗ್ಲಾಸನ್ನ ಲ್ಯಾಪ್‌ಟಾಪ್ ಪರದೆ ಮುಂದೆ ಹಿಡಿದು ತಿರುಗಿಸಿ, ಒಂದು ಕೋನದಲ್ಲಿ ಪರದೆ ಕಪ್ಪಾಗ್ತದೆ. ಇಂಥ ಬೆಳಕು ಸಕ್ಕರೆ ನೀರು ದಾಟುವಾಗ ಕಂಪನದ ದಿಕ್ಕು ಬಲಕ್ಕೆ ಹೊರಳ್ತದೆ. ಸಕ್ಕರೆ ಹೆಚ್ಚಿದಷ್ಟೂ ಹೊರಳು ಹೆಚ್ಚು. ಕಾರ್ಖಾನೆ ಲ್ಯಾಬ್‌ಗಳಲ್ಲಿ ಕಬ್ಬಿನ ಹಾಲಿನ 'ಪೋಲ್' ಅಳೆಯೋದು ಹೀಗೇ.

ಹಂಗಾದ್ರೆ ರಕ್ತದಲ್ಲಿ ಯಾಕಾಗಲ್ಲ? ನಾನು ಬಿ.ಕಾಂ., ಲೆಕ್ಕದಿಂದ್ಲೇ ಹೇಳ್ತೀನಿ. 100 ಮಿ.ಲೀ.ಗೆ 26 ಗ್ರಾಂ ಸಕ್ಕರೆ, 20 ಸೆಂ.ಮೀ. ಕೊಳವೆ: ಹೊರಳು ಸುಮಾರು 34.6 ಡಿಗ್ರಿ. ರಕ್ತದ ಗ್ಲೂಕೋಸ್ 100 ಮಿ.ಲೀ.ಗೆ 100 ಮಿಲಿಗ್ರಾಂ ಇದ್ದು, ಬೆಳಕು 1 ಸೆಂ.ಮೀ. ಸಾಗಿದರೆ? ಸುಮಾರು 0.005 ಡಿಗ್ರಿ! ಶುಗರ್ 200ಕ್ಕೆ ಏರಿದರೂ 0.01 ಅಷ್ಟೇ.

ಅಷ್ಟೂ ನಮ್ಮ ಕೈಗೆ ಸಿಗಲ್ಲ. ಲ್ಯಾಬಿನವರು ಕಬ್ಬಿನ ಹಾಲನ್ನ ಮೊದಲು ತಿಳಿ ಮಾಡಿ, ಸೋಸಿ, ಆಮೇಲೆ ಬೆಳಕು ಬಿಡ್ತಾರೆ. ಮೈಯೊಳಗಿನ ರಕ್ತ ಸೋಸೋದು ಹೆಂಗೆ? ಒಂದು ಘನ ಮಿಲಿಮೀಟರ್‌ನಲ್ಲಿ ಸುಮಾರು 50 ಲಕ್ಷ ಕೆಂಪು ಕಣ. ಅವಕ್ಕೆ ಬಡಿದು ಬಡಿದು ಬೆಳಕು ಚದುರಿ, ದಿಕ್ಕೇ ಮರೀತದೆ. ಜೊತೆಗೆ ರಕ್ತದ ಅಲ್ಬುಮಿನ್ ಪ್ರೋಟೀನು ಎಡಕ್ಕೆ ಹೊರಳಿಸ್ತದೆ. ಅದಕ್ಕೇ ಕೆಲವು ಸಂಶೋಧಕರು ರಕ್ತ ಬಿಟ್ಟು ಕಣ್ಣಿನ ಮುಂಭಾಗದ ತಿಳಿ ದ್ರವದ ಬೆನ್ನು ಹತ್ತಿದ್ದಾರೆ.

ಈ ಬೆಳಕು ರಕ್ತಕ್ಕೆ ಪೂರಾ ನಿರುಪಯೋಗಿ ಅಂತಲ್ಲ. ಮಲೇರಿಯಾ ರೋಗಾಣು ಬಿಡೋ ಹೀಮೋಜೋಯಿನ್ ಹರಳುಗಳು ಪೋಲರೈಸ್ಡ್ ಸೂಕ್ಷ್ಮದರ್ಶಕದ ಕತ್ತಲಲ್ಲಿ ಮಿನುಗ್ತವೆ. ಆದರೆ ಅದು ಗಾಜಿನ ಮೇಲೆ ತೆಳ್ಳಗೆ ಹಚ್ಚಿದ ರಕ್ತ.

ವಾಚಿನ ಹಸಿರು ದೀಪ ನಾಡಿ ಎಣಿಸೋದೂ ನಿಜ. ಹೀಮೋಗ್ಲೋಬಿನ್‌ಗೆ ಬಣ್ಣ ಇದೆ. ಗ್ಲೂಕೋಸ್‌ಗೆ ಇಲ್ಲ. ಚುಚ್ಚದೇ ತಾನಾಗೇ ಶುಗರ್ ಅಳೆಯೋ ಯಾವ ವಾಚಿಗೂ, ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ ಅಂತ ಅಮೆರಿಕದ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಸಿತ್ತು. ಸುಳ್ಳು ಅಂಕಿ ನೋಡಿ ಇನ್ಸುಲಿನ್ ಜಾಸ್ತಿ ತಗೊಂಡ್ರೆ ಶುಗರ್ ಕುಸಿದು ಪ್ರಜ್ಞೆ ತಪ್ಪಬಹುದು, ಜೀವಕ್ಕೂ ಅಪಾಯ.

ಅವ್ವನ ನೋವಿಗೆ ಒಂದು ಉಪಾಯ: ಬೆರಳ ತುದಿಯ ನಟ್ಟನಡುವೆ ಬ್ಯಾಡ, ಅಂಚಿಗೆ ಚುಚ್ಚಿ. ದಿನಾ ಬೆರಳು ಬದಲಿಸಿ. ತೋಳಿಗೆ ಅಂಟಿಸೋ ಸೆನ್ಸರ್ ಬಗ್ಗೆ ಡಾಕ್ಟರ್‌ನ ಕೇಳಿ. ಅದರ ಕೂದಲೆಳೆಯಂಥ ತಂತು ಚರ್ಮದೊಳಗೆ ಇಳಿದಿರ್ತದೆ, ಹಂಗಾಗಿ ಅಳೀತದೆ.