ಅಂತರ್ಜಾಲದ ನಾಮವ್ಯವಹಾರವೂ ರಾಜಶಾಸನವೂ

ಇಂದಿರಾನಗರಕ್ಕೆ ಹೊಂದಿಕೊಂಡಿರುವ ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದ ತಮಿಳು ಶಾಸನಗಳಲ್ಲಿ ಆ ಊರಿಗೆ ದೇಶಿಮಾಣಿಕ್ಯಪಟ್ಟಣವೆಂಬ ಹೆಸರೂ ಉಂಟು. ದೇಶಿ ಎಂಬ ಪದವು ನಾನಾದೇಶಿಗಳೆಂಬ ವರ್ತಕಸಂಘವನ್ನು ಸ್ಮರಣೆಗೆ ತರುತ್ತದೆ. ಇಂತಹ ಸಂಘಗಳು ತಮಗೆ ತಾವೇ ಮಾಡಿಕೊಂಡ ಕಟ್ಟಳೆಗೆ ಧರ್ಮಶಾಸ್ತ್ರದಲ್ಲಿ ಸಮಯವೆಂದು ಹೆಸರು. ಶ್ರೇಣಿ ನೈಗಮಾದಿಗಳ ಸಮಯವನ್ನು ಅರಸನು ಕಾಪಾಡತಕ್ಕದ್ದೆಂದೂ, ಅದು ರಾಜ್ಯಕ್ಕೆ ಬಾಧಕವಾದಲ್ಲಿ ತಡೆಯತಕ್ಕದ್ದೆಂದೂ ನಾರದಸ್ಮೃತಿಯ ಅಭಿಪ್ರಾಯ. ಅಂತರ್ಜಾಲದ ಹೆಸರುಗಳ ವಿಷಯದಲ್ಲಿ ಈಗ ನಡೆದಿರುವ ವಿವಾದವೂ ಇದೇ ಜಾತಿಯದು.

ಗಣಕಯಂತ್ರಗಳು ಒಂದನ್ನೊಂದು ಅಂಕೆಗಳಿಂದ ಗುರುತಿಸುತ್ತವೆ. ಮನುಷ್ಯರಿಗಾದರೋ ಹೆಸರು ಬೇಕು. ಒಂದೇ ಹೆಸರು ಇಬ್ಬರಿಗೆ ಸಲ್ಲಲಾರದಾದುದರಿಂದ ಮೂಲಪಟ್ಟಿಯೊಂದು ಅವಶ್ಯ. ಆ ಪಟ್ಟಿಯ ವ್ಯವಸ್ಥೆಯನ್ನು 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿತವಾದ ಐಕಾನ್ ಎಂಬ ಲಾಭೋದ್ದೇಶವಿಲ್ಲದ ಸಂಸ್ಥೆಯು ನೋಡಿಕೊಳ್ಳುತ್ತದೆ. ಹೆಸರುಗಳನ್ನು ನೋಂದಾಯಿಸುವ ಕಂಪನಿಗಳು ತೆರುವ ಶುಲ್ಕವೇ ಅದರ ಮುಖ್ಯ ಆದಾಯ. ಅದರ ಮೇಲೆ ಅಮೆರಿಕದ ವಾಣಿಜ್ಯ ಇಲಾಖೆಗಿದ್ದ ಮೇಲ್ವಿಚಾರಣೆಯು 2016ರ ಅಕ್ಟೋಬರ್ 1ರಂದು ಕೊನೆಗೊಂಡಿತು. ಸರ್ಕಾರಗಳ ಸಮಿತಿಯೊಂದು ಅಲ್ಲಿದೆ. ಆದರೆ ಅದು ಕೊಡುವುದು ಸಲಹೆಯೇ ಹೊರತು ಆಜ್ಞೆಯಲ್ಲ. ಒಮ್ಮತದ ಸಲಹೆಯನ್ನು ನಿರಾಕರಿಸಲು ಆಡಳಿತಮಂಡಳಿಯ ಶೇಕಡಾ 60ರಷ್ಟು ಮತ ಬೇಕೆಂಬುದಷ್ಟೇ ನಿರ್ಬಂಧ. 2011ರಲ್ಲಿ ವಿಶ್ವಸಂಸ್ಥೆಯ ಅಧೀನದಲ್ಲಿ ಸಮಿತಿಯೊಂದು ಆಗಬೇಕೆಂದು ಕೇಳಿದ್ದ ಭಾರತ ಸರ್ಕಾರವು 2015ರಲ್ಲಿ ಬಹುಪಕ್ಷಗಳ ಪದ್ಧತಿಯನ್ನೇ ಒಪ್ಪಿತು.

ಸಮಯವು ಅದಕ್ಕೆ ಒಳಪಟ್ಟವರನ್ನು ಮಾತ್ರ ಕಟ್ಟುವುದು. ಹೊರಗಿನವನು ಲೆಕ್ಕ ಕೇಳಿದರೆ ಉತ್ತರಿಸುವವರಾರು? ಇಲ್ಲಿಯೇ ತೊಡಕು. ಅದೇ ದೊಮ್ಮಲೂರಿನಲ್ಲಿದ್ದ ಅಂತರ್ಜಾಲ ಮತ್ತು ಸಮಾಜ ಕೇಂದ್ರವು 2014ರಿಂದ ಮೊದಲ್ಗೊಂಡು ಐಕಾನಿನ ಆದಾಯಾದಿಗಳ ವಿಷಯವಾಗಿ ಅನೇಕ ಅರ್ಜಿಗಳನ್ನು ಕಳುಹಿಸಿತು. ನಮ್ಮ ದೇಶದ ಸರ್ಕಾರಿ ಕಛೇರಿಯಾಗಿದ್ದರೆ 2005ರ ಮಾಹಿತಿ ಹಕ್ಕಿನ ಶಾಸನವಿತ್ತು, ಮೇಲ್ಮನವಿಗೆ ಆಯೋಗವಿತ್ತು. ಅಲ್ಲಿಯಾದರೋ ಮಾಹಿತಿಯನ್ನು ಕೊಡುವ ನಿಯಮವೂ, ಕೊಡದಿರುವುದಕ್ಕೆ ಕಾರಣಗಳ ಪಟ್ಟಿಯೂ ಸಂಸ್ಥೆಯೇ ಬರೆದುಕೊಂಡವು. ಪ್ರತಿವಾದಿಯೇ ಮೊದಲ ನ್ಯಾಯಾಧಿಪತಿಯಾಗುವ ಈ ಕ್ರಮವು ಸ್ಮೃತಿಕಾರರಿಗೆ ಸಮ್ಮತವಾಗುತ್ತಿತ್ತೆನ್ನಲಾಗದು.

ಹಾಗೆಂದು ಸಕಲವನ್ನೂ ಅಧಿಕಾರಿಗಳ ಕೈಗೊಪ್ಪಿಸುವುದೂ ಯುಕ್ತವಲ್ಲ. ‘.ಇನ್’ ಮತ್ತು ಕನ್ನಡದ ‘.ಭಾರತ’ ಎಂಬ ಅಂತ್ಯನಾಮಗಳು ಕೇಂದ್ರ ಸರ್ಕಾರದ ಆಶ್ರಯದ ನಿಕ್ಸಿ ಸಂಸ್ಥೆಯ ವಶದಲ್ಲಿವೆ. ಆದರೆ ಅಂತ್ಯನಾಮಗಳಲ್ಲಿ ಕನ್ನಡ ಲಿಪಿಯು ಹೇಗೆ ಬರಬೇಕೆಂಬ ನಿಯಮಗಳನ್ನು ರಚಿಸಿದುದು ಬ್ರಾಹ್ಮೀಮೂಲದ ಲಿಪಿಗಳನ್ನು ಬಲ್ಲವರ ಮಂಡಳಿ. ಅವು 2019ರಲ್ಲಿ ಅಂಗೀಕೃತವಾದವು. ಕನ್ನಡದ ರ, ಲ, ದ ಮುಂತಾದುವು ತೆಲುಗಿನವುಗಳೊಡನೆ ಬಹುಮಟ್ಟಿಗೆ ಸಮಾನರೂಪವುಳ್ಳವು. ಒಂದು ಲಿಪಿಯ ಹೆಸರು ಮೊದಲು ದಾಖಲಾದರೆ, ಕಣ್ಣಿಗೆ ಅದೇ ಆಗಿ ತೋರುವ ಮತ್ತೊಂದು ಲಿಪಿಯ ಹೆಸರನ್ನು ಬೇರೊಬ್ಬನಿಗೆ ಕೊಡಕೂಡದೆಂಬುದು ಆ ನಿಯಮಗಳ ತಾತ್ಪರ್ಯ.