ವಿದೇಶ ಪ್ರಯಾಣಕ್ಕೆ ಮುನ್ನ ಬಲವರ್ಧಕ ಲಸಿಕೆಯ ಕಾಲನಿರ್ಣಯ

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ತೋವಿನಕೆರೆಯಂಥ ಊರುಗಳಲ್ಲಿ ಒಂದೆರಡು ತಲೆಮಾರುಗಳ ಹಿಂದೆ ದೂರ ಪ್ರಯಾಣವೆಂದರೆ ಕಾಶಿ ರಾಮೇಶ್ವರಗಳ ಯಾತ್ರೆಯೆಂದೇ ಅರ್ಥವಾಗುತ್ತಿದ್ದಿತು. ಇಂದು ಕಾಲ ಬದಲಾಗಿದೆ. ಮಗಳ ಬಾಣಂತನಕ್ಕೆಂದು ತಾಯಿ ಅಮೆರಿಕಕ್ಕೆ ಹೋಗುವುದು, ಮಧುಗಿರಿ ಪಾವಗಡಗಳ ತರುಣರು ಉದ್ಯೋಗಕ್ಕಾಗಿ ಆಫ್ರಿಕ ಖಂಡಕ್ಕೆ ಹೊರಡುವುದು, ಸಿರಾದ ಮುಸಲ್ಮಾನ ಕುಟುಂಬಗಳು ಹಜ್ ಯಾತ್ರೆ ಕೈಗೊಳ್ಳುವುದು, ಇವೆಲ್ಲ ಅಪೂರ್ವವಾದ ಸಂಗತಿಗಳಾಗಿ ಉಳಿದಿಲ್ಲ. ಹೀಗೆ ಹೊರಡುವವರೆಲ್ಲರೂ ವೈದ್ಯರ ಮುಂದಿಡುವ ಪ್ರಶ್ನೆ ಒಂದೇ: "ಹೊರಡುವುದಕ್ಕೆ ಎಷ್ಟು ದಿನ ಮುಂಚೆ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು?"

ಪ್ರಶ್ನೆ ಸರಳವಾಗಿ ತೋರಿದರೂ ಅದರಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಲಸಿಕೆ ಪಡೆದವನ ದೇಹವು ಯಾವ ದಿನದಿಂದ ರಕ್ಷಿತವಾಗುತ್ತದೆ ಎಂಬುದು ಒಂದು. ಅವನ ಕೈಯಲ್ಲಿರುವ ಪ್ರಮಾಣಪತ್ರವು ಯಾವ ದಿನದಿಂದ ಯಾವ ದಿನದವರೆಗೆ ಸಿಂಧುವಾಗಿರುತ್ತದೆ ಎಂಬುದು ಇನ್ನೊಂದು. ಮೊದಲನೆಯದು ದೇಹದ ಲೆಕ್ಕ, ಎರಡನೆಯದು ಕಾನೂನಿನ ಲೆಕ್ಕ. ಇವೆರಡೂ ಕೆಲವು ವೇಳೆ ಒಂದಾಗಿ ನಡೆಯುತ್ತವೆ. ಕೆಲವು ವೇಳೆ ಬೇರೆಯಾಗುತ್ತವೆ. ಮತ್ತೆ ಕೆಲವು ವೇಳೆ ಕಾನೂನು ಏನನ್ನೂ ಕೇಳದೆ ಸುಮ್ಮನಿರುತ್ತದೆ, ದೇಹದ ಲೆಕ್ಕ ಮಾತ್ರ ಉಳಿಯುತ್ತದೆ. ಈ ಭೇದವನ್ನು ಸ್ಪಷ್ಟಪಡಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1. ದೇಹದ ಲೆಕ್ಕ

ರೋಗಾಣುವಿನ ಅಂಶವೊಂದು ದೇಹವನ್ನು ಮೊದಲ ಬಾರಿ ಪ್ರವೇಶಿಸಿದಾಗ ಅದನ್ನು ಗುರುತಿಸಿ ತಕ್ಕ ಪ್ರತಿಕಾಯಗಳನ್ನು ಸಿದ್ಧಪಡಿಸಲು ಸುಮಾರು ಒಂದು ವಾರದಿಂದ ಎರಡು ವಾರಗಳ ಅವಧಿ ಬೇಕಾಗುತ್ತದೆ. ಪ್ರತಿಕಾಯಗಳ ಪ್ರಮಾಣ ಕ್ರಮೇಣ ಏರಿ, ಬಳಿಕ ಇಳಿಯುತ್ತದೆ. ಆದರೆ ಪ್ರತಿಕಾಯಗಳು ಕುಗ್ಗಿದರೂ ಆ ರೋಗಾಣುವಿನ ಗುರುತನ್ನು ಹೊತ್ತ ಸ್ಮೃತಿಕೋಶಗಳು ದೇಹದಲ್ಲಿ ಉಳಿದಿರುತ್ತವೆ. ಅದೇ ಲಸಿಕೆಯನ್ನು ಮತ್ತೊಮ್ಮೆ ಕೊಟ್ಟಾಗ ಈ ಕೋಶಗಳು ಕೆಲವೇ ದಿನಗಳಲ್ಲಿ ಎಚ್ಚೆತ್ತು, ಮೊದಲಿಗಿಂತ ಹೆಚ್ಚು ಪ್ರಮಾಣದ, ಮೊದಲಿಗಿಂತ ಸಮರ್ಥವಾದ ಪ್ರತಿಕಾಯಗಳನ್ನು ಉತ್ಪಾದಿಸುತ್ತವೆ. ಜನ ಬೂಸ್ಟರ್ ಎಂದು ಕರೆಯುವ ಬಲವರ್ಧಕ ಲಸಿಕೆಯ ತತ್ತ್ವ ಇಷ್ಟೇ.

ಇದರಿಂದ ಎರಡು ಅನುಮಾನಗಳು ಹೊರಡುತ್ತವೆ. ಮೊದಲನೆಯದು, ಬಲವರ್ಧಕ ಲಸಿಕೆಯು ಬಲವನ್ನು ವರ್ಧಿಸಬೇಕಾದರೆ ಮೊದಲೇ ಬಲವಿರಬೇಕು. ಪ್ರಾಥಮಿಕ ಲಸಿಕೆಯನ್ನೇ ಪಡೆಯದವನಿಗೆ ಕೊಟ್ಟ ಒಂದು ಚುಚ್ಚುಮದ್ದು ಹೆಸರಿಗೆ ಮಾತ್ರ ಬೂಸ್ಟರ್. ಎರಡನೆಯದು, ಸ್ಮೃತಿಕೋಶಗಳು ಪಕ್ವವಾಗಲು ಕಾಲ ಬೇಕಾದುದರಿಂದ, ಎರಡು ಲಸಿಕೆಗಳ ನಡುವಣ ಅಂತರ ತೀರ ಕಡಿಮೆಯಾದರೆ ಎರಡನೆಯದರ ಫಲವೂ ಕಡಿಮೆಯಾಗುತ್ತದೆ.

2. ಎರಡು ಲೆಕ್ಕಗಳೂ ಕೂಡಿದಾಗ

ನಮ್ಮ ಹಿರಿಯರು "ದಾಕು ಹಾಕುವುದು" ಎಂದು ಕರೆಯುತ್ತಿದ್ದ ಸಿಡುಬಿನ ಲಸಿಕೆಯು ಇದಕ್ಕೆ ಉತ್ತಮ ನಿದರ್ಶನ. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಂಗೀಕರಿಸಿದ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ, ಮೊದಲ ಬಾರಿ ದಾಕು ಹಾಕಿಸಿಕೊಂಡವನ ಪ್ರಮಾಣಪತ್ರ 8 ದಿನಗಳು ಕಳೆದ ಮೇಲೆ ಸಿಂಧುವಾಗುತ್ತಿತ್ತು. ಮರಳಿ ಹಾಕಿಸಿಕೊಂಡವನದು ಅಂದಿನಿಂದಲೇ ಸಿಂಧುವಾಗುತ್ತಿತ್ತು. ಎರಡಕ್ಕೂ ಅವಧಿ 3 ವರ್ಷ. ಪ್ರಾಥಮಿಕ ಪ್ರತಿಕ್ರಿಯೆ ನಿಧಾನ, ಪುನಃಪ್ರತಿಕ್ರಿಯೆ ಶೀಘ್ರ ಎಂಬ ದೇಹಧರ್ಮವನ್ನೇ ಕಾನೂನು ಇಲ್ಲಿ ದಿನಗಳ ಭಾಷೆಯಲ್ಲಿ ಬರೆದುಕೊಂಡಿತ್ತು. 1980ರಲ್ಲಿ ಸಿಡುಬು ಜಗತ್ತಿನಿಂದ ನಿರ್ಮೂಲವಾಯಿತೆಂದು ಘೋಷಿತವಾದ ಮೇಲೆ ಆ ಪ್ರಮಾಣಪತ್ರವೂ ಇತಿಹಾಸಕ್ಕೆ ಸೇರಿತು.

ಇಂದು ಅದೇ ಸ್ಥಾನದಲ್ಲಿರುವುದು ಪೀತಜ್ವರದ ಲಸಿಕೆ. ಆಫ್ರಿಕ ಮತ್ತು ದಕ್ಷಿಣ ಅಮೆರಿಕಗಳ ಹಲವು ದೇಶಗಳಲ್ಲಿರುವ ಈ ರೋಗ ಭಾರತದಲ್ಲಿಲ್ಲ. ಆದರೆ ಅದನ್ನು ಹರಡಬಲ್ಲ ಈಡಿಸ್ ಸೊಳ್ಳೆ ನಮ್ಮ ಊರೂರಿನಲ್ಲಿಯೂ ಉಂಟು. ಆದುದರಿಂದ ಆ ದೇಶಗಳಿಂದ ಬರುವವರ ವಿಷಯದಲ್ಲಿ ನಮ್ಮ ಸರ್ಕಾರ ಬಹಳ ಕಟ್ಟುನಿಟ್ಟಾಗಿದೆ. ಸಿಂಧುವಾದ ಪ್ರಮಾಣಪತ್ರವಿಲ್ಲದವರನ್ನು 6 ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಪ್ರಮಾಣಪತ್ರ ಸಿಂಧುವಾಗುವುದು ಲಸಿಕೆ ಹಾಕಿದ 10 ದಿನಗಳ ನಂತರ. ರಕ್ಷಕ ಪ್ರತಿಕಾಯಗಳು ಬಹುಪಾಲು ಜನರಲ್ಲಿ ಮೂಡುವುದೂ ಆ ಅವಧಿಯಲ್ಲಿಯೇ. ಹಿಂದೆ ಇದರ ಅವಧಿ 10 ವರ್ಷಗಳಿದ್ದು, ಅನಂತರ ಬಲವರ್ಧಕ ಲಸಿಕೆ ಕಡ್ಡಾಯವಾಗಿದ್ದಿತು. ಒಂದೇ ಲಸಿಕೆ ದೀರ್ಘಕಾಲ ರಕ್ಷಣೆ ನೀಡುವುದೆಂಬುದು ಖಚಿತವಾದುದರಿಂದ, 2016ರ ಜುಲೈ 11ರಿಂದ ಪ್ರಮಾಣಪತ್ರವನ್ನು ಆಜೀವ ಸಿಂಧುವೆಂದು ಅಂಗೀಕರಿಸಲಾಗಿದೆ. ಹಳೆಯ ಪತ್ರಗಳಿಗೂ ಇದು ಅನ್ವಯಿಸುತ್ತದೆ. ಇದು ಜೀವಂತ ವಿಷಾಣುವಿನಿಂದ ತಯಾರಾದ ಲಸಿಕೆ; 60 ವರ್ಷ ದಾಟಿದವರಲ್ಲಿ ಮೊದಲ ಬಾರಿ ಹಾಕುವಾಗ, ವಿರಳವಾದರೂ ತೀವ್ರವಾದ ದುಷ್ಪರಿಣಾಮಗಳ ಸಂಭವ ಉಳಿದವರಿಗಿಂತ ಹೆಚ್ಚು. ಆದುದರಿಂದ ಹಳೆಯ ಪತ್ರವನ್ನು ಜೋಪಾನವಾಗಿಡುವುದು ಕೇವಲ ಶಿಸ್ತಿನ ಮಾತಲ್ಲ. ಅನವಶ್ಯಕವಾದ ಮರುಲಸಿಕೆಯಿಂದ ಪಾರಾಗುವ ದಾರಿ.

ಕೆಲವು ಲಸಿಕೆಗಳಿಗೆ ಹಿಂದಿನ ಗಡಿಯೂ ಮುಂದಿನ ಗಡಿಯೂ ಇರುತ್ತವೆ. ಹಜ್ ಯಾತ್ರಿಕರು ಮೆದುಳುಪೊರೆಯ ಉರಿಯೂತದ ವಿರುದ್ಧ ಕೊಡುವ ಲಸಿಕೆಯನ್ನು ಸೌದಿ ಅರೇಬಿಯವನ್ನು ತಲುಪುವುದಕ್ಕೆ ಕನಿಷ್ಠ 10 ದಿನ ಮುಂಚೆ ಪಡೆದಿರಬೇಕು. ಅದು ಲಸಿಕೆಯ ಬಗೆಗೆ ಅನುಸಾರವಾಗಿ 3 ಅಥವಾ 5 ವರ್ಷಗಳಿಗಿಂತ ಹಳೆಯದಾಗಿರಕೂಡದು. ಪೋಲಿಯೋ ವಿಷಯದಲ್ಲಿ 2014ರ ಮೇ ತಿಂಗಳಿನಲ್ಲಿ ಅಂತರರಾಷ್ಟ್ರೀಯ ತುರ್ತುಸ್ಥಿತಿ ಘೋಷಿತವಾದಾಗ, ಸೋಂಕು ಹರಡುತ್ತಿದ್ದ ದೇಶಗಳಿಂದ ಹೊರಡುವವರು ಪ್ರಯಾಣಕ್ಕೆ 4 ವಾರಗಳಿಗೆ ಕಡಿಮೆಯಿಲ್ಲದಂತೆ, 12 ತಿಂಗಳಿಗೆ ಹೆಚ್ಚಿಲ್ಲದಂತೆ ಒಂದು ಡೋಸ್ ಪಡೆಯಬೇಕೆಂದು ಸೂಚಿಸಲಾಯಿತು. ತಡವಾಗಿ ಹಾಕಿಸಿಕೊಂಡರೆ ರಕ್ಷಣೆ ಇನ್ನೂ ಮೂಡಿರದು. ತೀರ ಬೇಗ ಹಾಕಿಸಿಕೊಂಡರೆ ಕರುಳಿನಲ್ಲಿ ಮೂಡಿದ ರಕ್ಷಣೆ ಆ ವೇಳೆಗೆ ಕುಗ್ಗಿರುತ್ತದೆ.

3. ಎರಡು ಲೆಕ್ಕಗಳೂ ಬೇರೆಯಾದಾಗ

ಕೋವಿಡ್ ಪಿಡುಗಿನ ವರ್ಷಗಳು ಇದಕ್ಕೆ ಉದಾಹರಣೆಯನ್ನೊದಗಿಸಿದುವು. 2021ರ ಮೇ ತಿಂಗಳಿನಲ್ಲಿ ಭಾರತ ಸರ್ಕಾರವು ಕೋವಿಶೀಲ್ಡ್ ಲಸಿಕೆಯ ಎರಡು ಡೋಸುಗಳ ಅಂತರವನ್ನು 12ರಿಂದ 16 ವಾರಗಳಿಗೆ ವಿಸ್ತರಿಸಿತು. ಇದಕ್ಕೆ ಆಧಾರವಿಲ್ಲದಿರಲಿಲ್ಲ. ಅದೇ ವರ್ಷ ಪ್ರಕಟವಾದ ಆಕ್ಸ್‌ಫರ್ಡ್ ಲಸಿಕೆಯ ಪರೀಕ್ಷಾಫಲಗಳಲ್ಲಿ, ಅಂತರ 6 ವಾರಗಳಿಗಿಂತ ಕಡಿಮೆಯಿದ್ದಾಗ ಸುಮಾರು ಶೇಕಡ 55ರಷ್ಟಿದ್ದ ಸಾಫಲ್ಯ, 12 ವಾರ ಅಥವಾ ಹೆಚ್ಚಿದ್ದಾಗ ಸುಮಾರು ಶೇಕಡ 81ಕ್ಕೆ ಏರಿತ್ತು. ಆದರೆ ವ್ಯಾಸಂಗಕ್ಕಾಗಿ ವಿದೇಶಕ್ಕೆ ಹೊರಡಬೇಕಾಗಿದ್ದ ವಿದ್ಯಾರ್ಥಿಗಳಿಗೆ ಅಷ್ಟು ದಿನ ಕಾಯುವ ಅವಕಾಶವಿರಲಿಲ್ಲ. ಜೂನ್ 7ರಂದು ಸರ್ಕಾರವು ಅಂಥವರಿಗೆ, ಉದ್ಯೋಗಕ್ಕೆ ಹೊರಟವರಿಗೆ, ಟೋಕಿಯೋ ಒಲಿಂಪಿಕ್ಸ್‌ಗೆ ತೆರಳುವವರಿಗೆ 28 ದಿನಗಳ ನಂತರವೇ ಎರಡನೆಯ ಡೋಸ್ ಪಡೆಯಲು ಅನುಮತಿಯಿತ್ತಿತು. ಪತ್ರ ಸಕಾಲದಲ್ಲಿ ಕೈಸೇರಿತು. ಅದಕ್ಕೆ ತೆತ್ತ ಬೆಲೆ ದೇಹದ ಲೆಕ್ಕದಲ್ಲಿ ಸೇರಿತು.

ಬಲವರ್ಧಕ ಲಸಿಕೆಯ ವಿಷಯದಲ್ಲಿ ತೊಡಕು ಇನ್ನೂ ಸ್ಪಷ್ಟವಾಯಿತು. 2022ರ ಜನವರಿ 10ರಂದು ಆರಂಭವಾದ ಮುನ್ನೆಚ್ಚರಿಕೆ ಡೋಸನ್ನು ಎರಡನೆಯ ಡೋಸಾದ 9 ತಿಂಗಳು, ಅಂದರೆ 39 ವಾರಗಳ ಬಳಿಕ ಕೊಡಬೇಕೆಂದು ನಿಯಮವಿತ್ತು. ಇತ್ತ ಯುರೋಪಿಯನ್ ಒಕ್ಕೂಟವು ಫೆಬ್ರವರಿ 1ರಿಂದ, ತನ್ನ ದೇಶಗಳ ನಡುವಣ ಸಂಚಾರಕ್ಕೆ, ಪ್ರಾಥಮಿಕ ಲಸಿಕೆಯ ಪ್ರಮಾಣಪತ್ರಕ್ಕೆ 270 ದಿನಗಳ ಅವಧಿಯನ್ನು ವಿಧಿಸಿತು. ಗಣಿಸಿ ನೋಡಿದರೆ 39 ವಾರಗಳೆಂದರೆ 273 ದಿನಗಳು. ಎಂದರೆ ಅಲ್ಲಿ ಪತ್ರದ ಆಯುಸ್ಸು ಮುಗಿದ ಮೇಲೆ ಮಾತ್ರವೇ ಇಲ್ಲಿ ಬಲವರ್ಧಕ ಲಸಿಕೆ ದೊರೆಯುತ್ತಿತ್ತು! ಎರಡು ನಿಯಮಗಳೂ ತಮ್ಮ ತಮ್ಮ ಮಟ್ಟಿಗೆ ಸಮಂಜಸವಾದವು. ಇವುಗಳ ನಡುವೆ ಸಿಕ್ಕಿದವನು ಪ್ರಯಾಣಿಕ. 2022ರ ಮೇ 12ರಂದು ವಿದೇಶಕ್ಕೆ ಹೋಗುವವರು ಆಯಾ ದೇಶದ ನಿಯಮಕ್ಕೆ ಅನುಸಾರವಾಗಿ ಮುಂಚಿತವಾಗಿಯೇ ಡೋಸ್ ಪಡೆಯಬಹುದೆಂದು ಸಡಿಲಿಕೆ ಬಂದಿತು. ಜುಲೈ ತಿಂಗಳಿನಲ್ಲಿ ಅಂತರವು ಎಲ್ಲರಿಗೂ 6 ತಿಂಗಳಿಗೆ ಇಳಿಯಿತು.

4. ಕಾನೂನು ಸುಮ್ಮನಿರುವಾಗ

ಈಗ ಆರಂಭದಲ್ಲಿ ಹೇಳಿದ ತಾಯಿಯ ವಿಷಯಕ್ಕೆ ಬರೋಣ. ತೋವಿನಕೆರೆಯಿಂದ ಬಾಣಂತನಕ್ಕೆ ಹೊರಟ, ಅರವತ್ತು ವರ್ಷದ ಒಬ್ಬ ಗೃಹಿಣಿಯನ್ನು ಕಲ್ಪಿಸಿಕೊಳ್ಳಿ. ಪ್ರವಾಸಿ ವೀಸಾದ ಮೇಲೆ ಅಮೆರಿಕಕ್ಕೆ ಹೋಗುವವರನ್ನು ಆ ದೇಶ ಲಸಿಕೆಯ ಪತ್ರ ಕೇಳುವುದಿಲ್ಲ. ಕೋವಿಡ್ ಲಸಿಕೆಯ ನಿಬಂಧನೆಯೂ 2023ರ ಮೇ ತಿಂಗಳಿನಲ್ಲಿ ಕೊನೆಗೊಂಡಿತು. ಆದುದರಿಂದ ಆಕೆಗೆ ಯಾವ ಲಸಿಕೆಯೂ ಬೇಡವೆಂದು ಮನೆಯವರು ಭಾವಿಸುವುದು ಸಹಜ. ಆದರೆ ಆಕೆ ಎತ್ತಿ ಆಡಿಸಬೇಕಾದುದು ಹಸುಗೂಸನ್ನು. ನಾಯಿಕೆಮ್ಮು ದೊಡ್ಡವರಲ್ಲಿ ಹಲವು ವಾರಗಳ ಹಟಮಾರಿ ಕೆಮ್ಮಾಗಿ ಮಾತ್ರ ಕಾಣಿಸಿಕೊಳ್ಳಬಹುದು. ಎಳೆಗೂಸಿನಲ್ಲಿ ಅದು ಉಸಿರನ್ನೇ ನಿಲ್ಲಿಸಬಲ್ಲದು. ಅಮೆರಿಕದ ಕ್ರಮದಂತೆ ಮಗುವಿಗೆ ಇದರ ಮೊದಲ ಲಸಿಕೆ ದೊರೆಯುವುದು 2 ತಿಂಗಳಿನಲ್ಲಿ. ಅಲ್ಲಿಯವರೆಗೆ ಮಗುವಿಗೆ ಮುಖ್ಯ ರಕ್ಷಣೆ ಎಂದರೆ, ಗರ್ಭಿಣಿಗೆ 27ರಿಂದ 36ನೆಯ ವಾರದೊಳಗೆ ಹಾಕುವ ಟಿಡ್ಯಾಪ್ ಲಸಿಕೆಯಿಂದ ಉಂಟಾಗಿ ಮಾಸಿನ ಮೂಲಕ ಮಗುವಿಗೆ ಸೇರುವ ಪ್ರತಿಕಾಯಗಳು. ಅದರ ಜೊತೆಗೆ, ಮಗುವಿನ ಬಳಿಯಿರುವ ಅಜ್ಜ ಅಜ್ಜಿಯರೂ ಮಗುವನ್ನು ಮುಟ್ಟುವುದಕ್ಕೆ ಕನಿಷ್ಠ 2 ವಾರ ಮುಂಚೆ ಇದೇ ಲಸಿಕೆಯನ್ನು ಪಡೆದಿರಬೇಕೆಂದು ಅಲ್ಲಿಯ ವೈದ್ಯರು ಸಲಹೆ ಕೊಡುತ್ತಾರೆ.

"ನನಗೆ ಟಿ.ಟಿ. ಹಾಕಿದ್ದಾರೆ" ಎಂದು ಆಕೆ ಹೇಳಬಹುದು. ಟಿ.ಟಿ. ಎಂಬುದು ಧನುರ್ವಾಯುವಿಗೆ ಮಾತ್ರ ಸಂಬಂಧಿಸಿದ್ದು. ಸರ್ಕಾರಿ ಕಾರ್ಯಕ್ರಮದಲ್ಲಿ ಅದರ ಸ್ಥಾನಕ್ಕೆ ಬಂದ ಟಿ.ಡಿ. ಲಸಿಕೆಯಲ್ಲಿ ಗಂಟಲಮಾರಿಯ ಅಂಶವೂ ಉಂಟು, ನಾಯಿಕೆಮ್ಮಿನದು ಇಲ್ಲ. ಮೂರೂ ಇರುವುದು ಟಿಡ್ಯಾಪ್‌ನಲ್ಲಿ. ಇನ್ನೊಂದು ಅಂಶವನ್ನೂ ಗಮನಿಸಬೇಕು. ನಮ್ಮ ದೇಶದಲ್ಲಿ ಮಕ್ಕಳಿಗೆ ವ್ಯಾಪಕವಾಗಿ ಲಸಿಕೆ ಹಾಕುವ ಕಾರ್ಯಕ್ರಮ ಆರಂಭವಾದುದು 1978ರಲ್ಲಿ. ಅದಕ್ಕೆ ಮುಂಚೆ ಹಳ್ಳಿಗಳಲ್ಲಿ ಬೆಳೆದವರಲ್ಲಿ ಅನೇಕರಿಗೆ ಪ್ರಾಥಮಿಕ ಲಸಿಕೆಯೇ ಆಗಿರಲಾರದು. ಅಂಥವರಿಗೆ ಒಂದು ಡೋಸ್ ಸಾಲದು: ಮೊದಲು ಟಿಡ್ಯಾಪ್, 4 ವಾರಗಳ ನಂತರ ಎರಡನೆಯದು, ಮತ್ತೆ 6ರಿಂದ 12 ತಿಂಗಳಿಗೆ ಮೂರನೆಯದು ಎಂಬುದು ಕ್ರಮ. ಇದರಲ್ಲಿ ಮೊದಲ ಎರಡನ್ನಾದರೂ ಹೊರಡುವ ಮುನ್ನ ಮುಗಿಸಬೇಕಾದರೆ, ಎರಡನೆಯ ಡೋಸಿನ ಮೇಲೆ 2 ವಾರಗಳನ್ನೂ ಸೇರಿಸಿ, ಕನಿಷ್ಠ 6 ವಾರಗಳು ಬೇಕು. ಪ್ರಯಾಣದ ಟಿಕೆಟ್ ಕೊಂಡ ದಿನವೇ ವೈದ್ಯರನ್ನು ಕಾಣಬೇಕೆಂಬ ಮಾತಿನ ಅರ್ಥ ಇದು.

5. ಹಿಂದಕ್ಕೆ ಎಣಿಸುವ ಕ್ರಮ

ಲಸಿಕೆಯ ದಿನವನ್ನು ಗೊತ್ತುಮಾಡುವಾಗ ಇಂದಿನಿಂದ ಮುಂದಕ್ಕೆ ಎಣಿಸದೆ, ಹೊರಡುವ ದಿನದಿಂದ ಹಿಂದಕ್ಕೆ ಎಣಿಸುವುದು ಯುಕ್ತ. ಒಬ್ಬ ತರುಣನು ಜೂನ್ 30ರಂದು ನೈರೋಬಿಗೆ ಹೊರಡುವನೆಂದಿಟ್ಟುಕೊಳ್ಳಿ. ಪೀತಜ್ವರದ ಲಸಿಕೆಗೆ ಜೂನ್ 20 ಕಡೆಯ ದಿನ. ಆದರೆ ಅದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ಹಾಕುವುದಿಲ್ಲ. ಸರ್ಕಾರವು ಗೊತ್ತುಪಡಿಸಿದ ಕೇಂದ್ರಕ್ಕೆ, ಮುಂಗಡವಾಗಿ ದಿನ ನಿಶ್ಚಯಿಸಿಕೊಂಡು, ಬೆಂಗಳೂರಿನಂಥ ನಗರಕ್ಕೆ ಹೋಗಬೇಕು. ಅವನಿಗೆ ದಡಾರದ ಲಸಿಕೆಯೂ ಬೇಕಾದರೆ, ಎರಡೂ ಜೀವಂತ ವಿಷಾಣುವಿನ ಲಸಿಕೆಗಳಾದುದರಿಂದ, ಅವನ್ನು ಒಂದೇ ದಿನ ಪಡೆಯಬೇಕು, ಇಲ್ಲವೇ ನಡುವೆ 4 ವಾರಗಳ ಅಂತರವಿಡಬೇಕು. ವಿಷಮಶೀತಜ್ವರದ ಚುಚ್ಚುಮದ್ದಿಗೆ 2 ವಾರಗಳು ಬೇಕು. ಇವನ್ನೆಲ್ಲ ಕೂಡಿಸಿದರೆ ಮೇ ತಿಂಗಳ ಮಧ್ಯಭಾಗದಲ್ಲಿಯೇ ಸಿದ್ಧತೆ ಆರಂಭವಾಗತಕ್ಕದ್ದು. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಗ್ಗಿದವರು, ಮೊಟ್ಟೆಯ ಸೇವನೆಯಿಂದ ತೀವ್ರ ತೊಂದರೆಯಾಗುವವರು ಪೀತಜ್ವರದ ಲಸಿಕೆಗೆ ಮುನ್ನ ತಮ್ಮ ಸ್ಥಿತಿಯನ್ನು ವೈದ್ಯರಿಗೆ ತಿಳಿಸಬೇಕು.

ನಿಯಮಗಳು ದೇಶದಿಂದ ದೇಶಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅವನ್ನು ಪ್ರತಿಸಲವೂ ಹೊಸದಾಗಿ ವಿಚಾರಿಸಿಕೊಳ್ಳಬೇಕು. ದೇಹದ ಲೆಕ್ಕ ಅಷ್ಟು ಬೇಗ ಬದಲಾಗುವುದಿಲ್ಲ. ವಿಮಾನನಿಲ್ದಾಣದ ಅಧಿಕಾರಿ ಕೇಳುವುದು ಪತ್ರವನ್ನು ಮಾತ್ರ. ತೊಟ್ಟಿಲಲ್ಲಿರುವ ಕೂಸು ಏನನ್ನೂ ಕೇಳಲಾರದು. ಅದರ ಪರವಾಗಿ ಕೇಳಬೇಕಾದವರು, ವಿದ್ಯಾವಂತರಾದ ಮನೆಯ ಮಕ್ಕಳು, ಅವರಿಗೆ ತಿಳಿಯಹೇಳಬೇಕಾದವರು ನಮ್ಮ ಕಾಲೇಜುಗಳ ಅಧ್ಯಾಪಕರು.