ಯಾರೂ ಕಟ್ಟದ ರಸ್ತೆಗಳು

ಸಿರಿಯಾದ ಈಶಾನ್ಯಕ್ಕಿರುವ ಖಾಬೂರ್ ನದಿಯ ಬಯಲಿನಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಳೆಯ ದಾರಿಗಳಿವೆ. ಅಗಲ ಎಷ್ಟೋ ಕಡೆ 60 ಮೀಟರ್‌ಗೂ ಹೆಚ್ಚು, ಆಳ ಮಾತ್ರ ಬಹಳ ಕಡಿಮೆ. ಆ ತಗ್ಗಿನೊಳಗೇ ನಿಂತವರಿಗೂ ಅದು ದಾರಿಯೆಂದು ಹೊಳೆಯುವುದಿಲ್ಲ.

ಮೇಲಿನಿಂದ ನೋಡಿದರೆ ಮಾತೇ ಬೇರೆ. ತಗ್ಗಿನಲ್ಲಿ ತೇವ ನಿಲ್ಲುತ್ತದೆ, ಹುಲ್ಲು ಹುಲುಸಾಗಿ ಬೆಳೆಯುತ್ತದೆ. ಚಿತ್ರದಲ್ಲಿ ಅದು ಕಪ್ಪು ಗೆರೆಯಾಗಿ ಮೂಡುತ್ತದೆ. ಈ ಗೆರೆಗಳ ಜಾಲವನ್ನು ನಕ್ಷೆಗಿಳಿಸಿದವರು ಜೇಸನ್ ಉರ್. ಆಗವರು ಷಿಕಾಗೊ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ. ಅವರಿಗೆ ಒದಗಿದ್ದು ಅಮೆರಿಕದ ‘ಕರೋನಾ’ ಬೇಹುಗಾರಿಕೆ ಉಪಗ್ರಹಗಳು 1960ರಿಂದ 1972ರವರೆಗೆ ತೆಗೆದ ಚಿತ್ರಗಳು. ಫಿಲ್ಮ್ ತುಂಬಿದ ಡಬ್ಬಿ ಪ್ಯಾರಾಚೂಟ್‌ನಲ್ಲಿ ಇಳಿಯುತ್ತಿದ್ದಂತೆ ವಿಮಾನವೊಂದು ಅದನ್ನು ಆಕಾಶದಲ್ಲೇ ಕೊಕ್ಕೆ ಹಾಕಿ ಹಿಡಿಯುತ್ತಿತ್ತು. 1995ರಲ್ಲಿ ಈ ಚಿತ್ರಗಳ ಗೋಪ್ಯತೆ ತೆರವಾಯಿತು. ನೀರಾವರಿ ಮತ್ತು ಟ್ರ್ಯಾಕ್ಟರುಗಳು ಬಯಲಿನ ಚಹರೆಯನ್ನೇ ಬದಲಿಸುವ ಮೊದಲಿನ ನೆಲ ಅವುಗಳಲ್ಲಿ ಉಳಿದಿರುವುದು ಪುರಾತತ್ವದ ಭಾಗ್ಯ. ಉರ್ ಅವರ ಅಧ್ಯಯನ 2003ರಲ್ಲಿ ‘ಆಂಟಿಕ್ವಿಟಿ’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಈ ದಾರಿಗಳನ್ನು ಯಾವ ರಾಜನೂ ಹಾಕಿಸಿದ್ದಲ್ಲ. ಊರಿನಿಂದ ಹೊಲಕ್ಕೆ ಹೋಗುವ ಜನ, ಮೇವಿಗೆ ಹೊರಟ ಕುರಿ-ಮೇಕೆಗಳ ಹಿಂಡು ದಿನವೂ ತುಳಿದು ನೆಲ ಗಟ್ಟಿಯಾಯಿತು. ಮಳೆನೀರು ಅದರ ಮೇಲೆ ಹರಿದು ತಗ್ಗು ಕೊರೆಯಿತು. ಎರಡೂ ಬದಿಗೆ ಬೆಳೆಯಿದ್ದುದರಿಂದ ಹಿಂಡು ಅಡ್ಡ ಹೋಗುವಂತಿರಲಿಲ್ಲ. ಅದಕ್ಕೇ ಟೆಲ್ ಬ್ರಾಕ್‌ನಂಥ ಹಾಳುದಿಬ್ಬಗಳಿಂದ ಹೊರಟ ಎಷ್ಟೋ ದಾರಿಗಳು ಮೂರರಿಂದ ಐದು ಕಿಲೋಮೀಟರ್ ಸಾಗಿ ಮರೆಯಾಗುತ್ತವೆ. ಸಾಗುವಳಿ ಮುಗಿದು ಹುಲ್ಲುಗಾವಲು ಶುರುವಾಗುತ್ತಿದ್ದುದು ಅಲ್ಲೇ. ಅಲ್ಲಿಂದಾಚೆಗೆ ಹಿಂಡು ಚದುರುತ್ತಿತ್ತು. ಒಂದು ನಗರ ಉಣ್ಣುತ್ತಿದ್ದ ಅನ್ನದ ಸೀಮೆ ಎಲ್ಲಿಯವರೆಗಿತ್ತು ಎಂಬುದನ್ನು ಒಂದು ದಾರಿಯ ಕೊನೆ ಹೇಳುತ್ತದೆಂಬುದೇ ಈ ಸಂಶೋಧನೆಯ ನಿಜವಾದ ಸೊಗಸು.

ವ್ಯಾಪಾರದ ಸುಳಿವೂ ಇಲ್ಲೇ ಇದೆ. ಹಮೂಕರ್ ದಿಬ್ಬದ ಸುತ್ತ ಅನಟೋಲಿಯಾದಿಂದ ಬಂದ ಅಬ್ಸಿಡಿಯನ್ ಎಂಬ ಜ್ವಾಲಾಮುಖಿ ಗಾಜಿನ ಚೂರುಗಳು ರಾಶಿಗಟ್ಟಲೆ ಸಿಕ್ಕಿವೆ. ಆದರೆ ನಕ್ಷೆಯಲ್ಲಿ ದೂರದೂರಕ್ಕೆ ನೇರ ಹೆದ್ದಾರಿ ಕಾಣುವುದಿಲ್ಲ; ಉದ್ದದ ದಾರಿಗಳೂ ಪಕ್ಕದ ಊರನ್ನು ಹಾದೇ ಮುಂದೆ ಹೋಗುತ್ತವೆ.

ಈಗ ಹಾರ್ವರ್ಡ್‌ನಲ್ಲಿ ಪ್ರಾಧ್ಯಾಪಕರಾಗಿರುವ ಉರ್, 2012ರಿಂದ ಇರಾಕಿನ ಎರ್ಬಿಲ್ ಬಯಲಿನಲ್ಲಿ ಸರ್ವೇಕ್ಷಣೆ ನಡೆಸಿದ್ದಾರೆ. ಅಲ್ಲಿ ಇನ್ನೊಂದು ತೊಡಕಿದೆ: ಚಿತ್ರದಲ್ಲಿ ಕಾಣುವ ಗೆರೆ ದಾರಿಯೋ, ಅಸ್ಸೀರಿಯನ್ನರ ಕಾಲದ ಕಾಲುವೆಯೋ? ಕಾಲುವೆಯಾದರೆ ನೆಲದ ಇಳಿಜಾರಿಗೆ ತಕ್ಕಂತೆ ಬಳಸಿಕೊಂಡು ಹೋಗಬೇಕು. ಕಾಲುದಾರಿಗೆ ಆ ಕಟ್ಟುಪಾಡಿಲ್ಲ. ಅನುಮಾನ ಉಳಿದರೆ ಸ್ಥಳಕ್ಕೇ ಹೋಗಿ, ನಡೆದು, ಮಡಕೆ ಚೂರು ಹೆಕ್ಕಿ ನೋಡಬೇಕು.